ಮದ್ದಿಲ್ಲದೆ ಗುಣವಾದವರ ಗುಟ್ಟು

1961ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ತಂಡಗಳು ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಮನೆಮನೆ ಸುತ್ತಲು ಶುರುಮಾಡಿದವು. ಮನೆಮಂದಿಯ ಹೆಸರು ಬರೆದುಕೊಳ್ಳುವುದು, ಕ್ಷಯದ ಸೋಂಕು ಪತ್ತೆಮಾಡುವ ಟ್ಯೂಬರ್ಕುಲಿನ್ ಅನ್ನು ಮುಂಗೈಗೆ ಚುಚ್ಚುವುದು, ಕೆಲವು ದಿನ ಬಿಟ್ಟು ಬಂದು ಚುಚ್ಚಿದ ಜಾಗದ ಗಟ್ಟಿ ಊತವನ್ನು ಅಳೆಯುವುದು, ಎದೆಯ ಎಕ್ಸ್-ರೇ ತೆಗೆಯುವುದು, ಅನುಮಾನ ಬಂದವರ ಕಫವನ್ನು ಪ್ರಯೋಗಾಲಯಕ್ಕೆ ಒಯ್ಯುವುದು. 1968ರೊಳಗೆ ಅದೇ ಹಳ್ಳಿಗಳಿಗೆ ನಾಲ್ಕು ಸುತ್ತು ಹೋದರು. ಸತ್ತವರ, ಊರು ಬಿಟ್ಟವರ, ಮದುವೆಯಾಗಿ ಹೋದವರ, ಹೊಸದಾಗಿ ಹುಟ್ಟಿದವರ ಲೆಕ್ಕವನ್ನೆಲ್ಲ ಇಟ್ಟರು. ಹಳ್ಳಿಯ ಜನ ನಾಲ್ಕು ಸಲವೂ ಬಾಗಿಲು ತೆರೆದು ತೋಳು ಚಾಚಿದರು ಎಂಬುದನ್ನು ಮೊದಲು ನೆನೆಯಬೇಕು. ಕ್ಷಯದ ಬಗ್ಗೆ ಜಗತ್ತು ಇಂದು ತಿಳಿದಿರುವುದರಲ್ಲಿ ಒಂದಿಷ್ಟು ಭಾಗ ಆ ತೋಳುಗಳಿಂದ ಬಂದದ್ದು.

ಒಂದೊಂದು ಹಳ್ಳಿಯನ್ನೂ ಐದೈದು ವರ್ಷ ಹಿಂಬಾಲಿಸಿದ ಆ ಲೆಕ್ಕ 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಅಚ್ಚಾಯಿತು. ಸಂಘಟಿತ ಚಿಕಿತ್ಸೆ ಆಗಿನ್ನೂ ಆ ಹಳ್ಳಿಗಳನ್ನು ಮುಟ್ಟಿರಲಿಲ್ಲ. ಮೊದಲ ಸುತ್ತಿನಲ್ಲಿ ಕಫದಲ್ಲಿ ರೋಗಾಣು ಸಿಕ್ಕವರನ್ನು ಐದು ವರ್ಷದ ಮೇಲೆ ಹುಡುಕಿದಾಗ ನೂರಕ್ಕೆ ಸುಮಾರು 49 ಮಂದಿ ತೀರಿಕೊಂಡಿದ್ದರು. ಸುಮಾರು 18 ಮಂದಿಯ ಕಫದಲ್ಲಿ ರೋಗಾಣು ಇನ್ನೂ ಇತ್ತು. ಉಳಿದ ಮೂರನೆಯ ಒಂದು ಪಾಲು ಜನರ ಕಫ ಶುದ್ಧವಾಗಿತ್ತು. ಮೊದಲ ಅಂಕಿಯನ್ನು ಓದುವಾಗ ಎದೆ ಭಾರವಾಗುತ್ತದೆ. ಐಸೋನಿಯಾಜಿಡ್ ಎಂಬ ಅಗ್ಗದ ಮಾತ್ರೆ 1952ರಲ್ಲೇ ಬಂದಿತ್ತು. ಅದು ಆ ಮನೆಗಳಿಗೆ ತಲುಪಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು. ಆದರೆ ವಿಜ್ಞಾನದ ಚರಿತ್ರೆಗೆ ದೊಡ್ಡ ಪ್ರಶ್ನೆಯನ್ನು ಕೇಳಿದ್ದು ಮೂರನೆಯ ಅಂಕಿ. ಒಂದೇ ರೋಗಾಣು, ಒಂದೇ ಬಗೆಯ ಬಡತನ, ಒಂದೇ ರಾಗಿ ಮುದ್ದೆ. ಇವರಲ್ಲಿ ಕೆಲವರ ಮೈ ರೋಗವನ್ನು ಸೋಲಿಸಿತು, ಉಳಿದವರ ಮೈ ಸೋತಿತು. ಏಕೆ?

ಈ ಪ್ರಶ್ನೆಗೆ ನಮ್ಮ ಕೋಲಾರ ಸೀಮೆಯಲ್ಲೂ ಅದರ ಅಂಚಿನಲ್ಲೂ ಹಳೆಯ ಬೇರುಗಳಿವೆ. ಜಿಲ್ಲೆಯ ಪಶ್ಚಿಮಕ್ಕೆ ಆ ಬೆಂಗಳೂರು ಸೀಮೆಯ ಹಳ್ಳಿಗಳು. ಈಶಾನ್ಯಕ್ಕೆ, ಶ್ರೀನಿವಾಸಪುರದಿಂದ ರಾಯಲ್ಪಾಡಿನ ಕಡೆ ಹೋಗಿ ಗಡಿ ದಾಟಿದರೆ ಮದನಪಲ್ಲಿ. ಜಿಲ್ಲೆಯೊಳಗೇ ಚಿನ್ನದ ಗಣಿ.

ಗಣಿಯಿಂದಲೇ ಆರಂಭಿಸಬೇಕು. ಜಾನ್ ಟೇಲರ್ ಕಂಪನಿ 1880ರಲ್ಲಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಕೊರೆಯುವ ಯಂತ್ರ ಕಲ್ಲಿಗೆ ತಾಗಿದಾಗಲೆಲ್ಲ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಸಿಲಿಕಾ ಧೂಳು ಎದ್ದು ಕಾರ್ಮಿಕನ ಎದೆಗೂಡಿಗೆ ಹೋಗುತ್ತಿತ್ತು. ಭಾರತದಲ್ಲಿ ಸಿಲಿಕೋಸಿಸ್ ರೋಗವನ್ನು ವ್ಯವಸ್ಥಿತವಾಗಿ ಪತ್ತೆಮಾಡಿದ ಮೊದಲ ತನಿಖೆಗಳಲ್ಲಿ 1940ರ ದಶಕದ ಕೋಲಾರದ ತನಿಖೆಯೂ ಒಂದು. ಸಿಲಿಕೋಸಿಸ್ ಆದವನಿಗೆ ಕ್ಷಯ ಬಲು ಬೇಗ ಹತ್ತುತ್ತದೆ ಎಂಬುದು ಗಣಿ ವೈದ್ಯರಿಗೆ ಜಗತ್ತಿನೆಲ್ಲೆಡೆ ಗೊತ್ತಿದ್ದ ಸಂಗತಿ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸೈನೈಡ್ ಗುಡ್ಡಗಳು ಹಾಗೇ ಇವೆ. ಗಾಳಿಯ ದಿನಗಳಲ್ಲಿ ಅವುಗಳ ಬಿಳಿ ಧೂಳು ಕಾಲೊನಿಗಳ ಮೇಲೆ ಈಗಲೂ ಇಳಿಯುತ್ತದೆ.

ಧೂಳಿಗೂ ಕ್ಷಯಕ್ಕೂ ಏನು ನಂಟು? ಉತ್ತರ 1882ಕ್ಕೆ ಹೋಗುತ್ತದೆ. ಆ ವರ್ಷದ ಮಾರ್ಚ್ 24ರಂದು ರಾಬರ್ಟ್ ಕಾಖ್ ಬರ್ಲಿನ್‌ನಲ್ಲಿ ಕ್ಷಯದ ರೋಗಾಣುವನ್ನು ಕಂಡುಹಿಡಿದ ಸುದ್ದಿ ಹೇಳಿದರು. ಅದೇ ವರ್ಷದ ಕೊನೆಗೆ ಸಿಸಿಲಿಯ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕೋವ್ ನಕ್ಷತ್ರಮೀನಿನ ಪಾರದರ್ಶಕ ಮರಿಯೊಳಗೆ ಗುಲಾಬಿ ಮುಳ್ಳು ಚುಚ್ಚಿ, ಬೆಳಗಾಗುವಷ್ಟರಲ್ಲಿ ಅಲೆದಾಡುವ ಕೋಶಗಳು ಮುಳ್ಳನ್ನು ಮುತ್ತಿದ್ದನ್ನು ನೋಡಿದರು. ಮೈಗೆ ಹೊಕ್ಕ ಪರವಸ್ತುವನ್ನು ಕಬಳಿಸುವ ಕೋಶಗಳಿವೆ ಎಂಬ ವಿಚಾರ ಅಲ್ಲಿಂದ ಬೆಳೆಯಿತು. 1908ರಲ್ಲಿ ಅದಕ್ಕೆ ನೊಬೆಲ್ ಬಂತು. ನಮ್ಮ ಶ್ವಾಸಕೋಶದಲ್ಲಿ ಕಾವಲಿರುವ ಇಂಥ ಕೋಶಕ್ಕೆ ಮ್ಯಾಕ್ರೋಫೇಜ್ ಎನ್ನುತ್ತಾರೆ. ಅದು ಕ್ಷಯಾಣುವನ್ನು ನುಂಗುತ್ತದೆ, ಸಿಲಿಕಾ ಕಣವನ್ನೂ ನುಂಗುತ್ತದೆ. ಸಿಲಿಕಾದ ಹರಳು ಕೋಶದೊಳಗಿನ ಜೀರ್ಣರಸದ ಚೀಲವನ್ನು ಒಡೆದು ಕೋಶವನ್ನೇ ಕೊಲ್ಲುತ್ತದೆ. ಹೊರಬಿದ್ದ ಹರಳನ್ನು ಇನ್ನೊಂದು ಕೋಶ ನುಂಗಿ ತಾನೂ ಸಾಯುತ್ತದೆ. ಗಣಿ ಕಾರ್ಮಿಕನ ಎದೆಯಲ್ಲಿ ಕಾವಲುಪಡೆಯೇ ಹೀಗೆ ಖಾಲಿಯಾದ ಮೇಲೆ ಕ್ಷಯಾಣುವಿಗೆ ದಾರಿ ಸಲೀಸು. ಮಾಲೂರಿನ ಇಟ್ಟಿಗೆ ಗೂಡು, ಹೆಂಚಿನ ಕಾರ್ಖಾನೆಗಳಲ್ಲೂ ಜಿಲ್ಲೆಯ ಕಲ್ಲುಗಣಿಗಳಲ್ಲೂ ದುಡಿಯುವವರ ಕೆಮ್ಮನ್ನು ಬರೀ ಧೂಳಿನ ಕೆಮ್ಮು ಎಂದು ತಳ್ಳಿಹಾಕಬಾರದು ಎನ್ನುವುದಕ್ಕೆ ಇದೇ ಕಾರಣ.

ಕ್ಷಯಕ್ಕೆ ಮದ್ದಿಲ್ಲದ ಕಾಲದಲ್ಲಿ ವೈದ್ಯರ ಕೈಯಲ್ಲಿದ್ದದ್ದು ಗಾಳಿ, ಬಿಸಿಲು, ವಿಶ್ರಾಂತಿ, ಒಳ್ಳೆಯ ಊಟ. ಅರಮನೆಯನ್ನೂ ರೋಗ ಬಿಟ್ಟಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡ ಮೇಲೆ ಮೈಸೂರಿನಲ್ಲಿ ಅವರ ಹೆಸರಿನ ಸ್ಯಾನಟೋರಿಯಂ ಎದ್ದಿತು. ಮದನಪಲ್ಲಿಯ ಹೊರವಲಯದ ಆರೋಗ್ಯವರಂನಲ್ಲಿ ಡೆನ್ಮಾರ್ಕಿನ ವೈದ್ಯ ಕ್ರಿಶ್ಚಿಯನ್ ಫ್ರಿಮೋಟ್-ಮೊಲ್ಲರ್ ಹಲವು ಮಿಷನ್‌ಗಳ ನೆರವಿನಿಂದ ಕಟ್ಟಿದ ಸ್ಯಾನಟೋರಿಯಂಗೆ ದಕ್ಷಿಣ ಭಾರತದ ಎಲ್ಲ ಕಡೆಗಳಿಂದ ರೋಗಿಗಳು ಬರುತ್ತಿದ್ದರು. ದೇಶದಲ್ಲಿ ಕ್ಷಯ ತಡೆಯುವ ಬಿಸಿಜಿ ಲಸಿಕೆಯ ಮೊದಲ ಪ್ರಯತ್ನಗಳು 1948ರಲ್ಲಿ ನಡೆದದ್ದು ಇಲ್ಲಿಯೇ. 1950ರಿಂದ ಅವರ ಮಗ ಯೋಹಾನೆಸ್ ಫ್ರಿಮೋಟ್-ಮೊಲ್ಲರ್ ಮದನಪಲ್ಲಿಯ ಸುತ್ತಲ ಹಳ್ಳಿಗಳಲ್ಲಿ ಲಸಿಕೆ ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ವರ್ಷಗಟ್ಟಲೆ ಹೋಲಿಸುತ್ತ ಹೋದರು.

ಅಲ್ಲಿ ಒಂದು ತೊಡಕು ಎದುರಾಯಿತು. ಕ್ಷಯಾಣು ಸೋಕದವರ ತೋಳಿನಲ್ಲೂ ಟ್ಯೂಬರ್ಕುಲಿನ್ ಸಣ್ಣ ಊತ ಎಬ್ಬಿಸುತ್ತಿತ್ತು. ಕ್ಷಯಾಣುವಿನ ದಾಯಾದಿಗಳಾದ, ಮಣ್ಣಿನಲ್ಲೂ ನೀರಿನಲ್ಲೂ ಇರುವ, ಸಾಮಾನ್ಯವಾಗಿ ರೋಗ ತಾರದ ಮೈಕೊಬ್ಯಾಕ್ಟೀರಿಯಾಗಳು ದಕ್ಷಿಣ ಭಾರತದ ಹಳ್ಳಿಗರ ಮೈಗೆ ಮೊದಲೇ ಪರಿಚಯವಾಗಿದ್ದವು. ಈ ತೊಡಕು ಮುಂದೆ ದೊಡ್ಡದಾಯಿತು. ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ 1968ರಿಂದ 1971ರವರೆಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ ಬಿಸಿಜಿ ಪರೀಕ್ಷೆ ನಡೆಯಿತು. ಅಷ್ಟು ದೊಡ್ಡ ಲಸಿಕೆ ಪರೀಕ್ಷೆ ಅಪರೂಪ. 1979ರಲ್ಲಿ ಫಲಿತಾಂಶ ಬಂತು. ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ಲಸಿಕೆ ರಕ್ಷಣೆ ಕೊಟ್ಟಿರಲಿಲ್ಲ. ಎಳೆಯ ಮಕ್ಕಳನ್ನು ಮಿದುಳಿನ ಕ್ಷಯದಂಥ ಭೀಕರ ರೂಪಗಳಿಂದ ಕಾಯುತ್ತದೆಂದು ಬಿಸಿಜಿ ಇಂದಿಗೂ ಕೊಡುತ್ತಾರೆ, ಅದು ಸರಿಯೇ. ಆದರೆ ಜನ ಕಾಯುತ್ತಿದ್ದ ಗೋಡೆ ಅದಾಗಲಿಲ್ಲ. ಮಣ್ಣು-ನೀರಿನ ಆ ದಾಯಾದಿಗಳೇ ಜನರ ಮೈಯನ್ನು ಮೊದಲೇ ಪಳಗಿಸಿ ಲಸಿಕೆಯ ಕೆಲಸವನ್ನು ಮರೆಮಾಡಿರಬಹುದು ಎಂಬ ವಿವರಣೆ ಇವತ್ತಿಗೂ ಚರ್ಚೆಯಲ್ಲಿದೆ.

ನಡುವೆ ತುಮಕೂರಿನ ಮಾತನ್ನೂ ಹೇಳಲೇಬೇಕು. 1963ರಲ್ಲಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್‌ಸನ್ ತುಮಕೂರು ಜಿಲ್ಲೆಯ ಕ್ಷಯರೋಗಿಗಳನ್ನು ಮಾತನಾಡಿಸಿ ಬರೆದ ಲೇಖನ ಪ್ರಕಟವಾಯಿತು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆಯನ್ನು ಅದು ಅಡಿಮೇಲು ಮಾಡಿತು. ಬಹುತೇಕ ಎಲ್ಲರಿಗೂ ತಮ್ಮ ಕೆಮ್ಮು, ಜ್ವರದ ಅರಿವಿತ್ತು. ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಕೆಮ್ಮಿನ ಔಷಧಿ ಕೊಟ್ಟು ವಾಪಸು ಕಳಿಸಲಾಗಿತ್ತು. ದೇಶದ ಕ್ಷಯ ಕಾರ್ಯಕ್ರಮವನ್ನು ಸಾಮಾನ್ಯ ಆಸ್ಪತ್ರೆಗಳ ಮೂಲಕವೇ ನಡೆಸಬೇಕೆಂಬ ತೀರ್ಮಾನಕ್ಕೆ ಈ ಅಧ್ಯಯನ ಬಲ ಕೊಟ್ಟಿತು. ನನ್ನ ಮಟ್ಟಿಗೆ ಕನ್ನಡ ನಾಡಿನಲ್ಲಿ ನಡೆದ ವೈದ್ಯಕೀಯ ಸಂಶೋಧನೆಗಳಲ್ಲಿ ಇದಕ್ಕಿಂತ ಮಾನವೀಯವಾದದ್ದು ಇನ್ನೊಂದಿಲ್ಲ.

ಲಸಿಕೆ ಕೈಕೊಟ್ಟ ಮೇಲೆ ಪ್ರಶ್ನೆ ಮತ್ತೆ ಮೆಚ್ನಿಕೋವರ ಕೋಶಕ್ಕೇ ಬಂದು ನಿಂತಿತು. ಕ್ಷಯಾಣು ಮ್ಯಾಕ್ರೋಫೇಜ್‌ನ ಹೊಟ್ಟೆಯೊಳಗೇ ಬದುಕುತ್ತದೆ. ನುಂಗಿದ ಚೀಲಕ್ಕೆ ಜೀರ್ಣರಸದ ಚೀಲ ಬಂದು ಸೇರದಂತೆ ತಡೆದು, ತನ್ನನ್ನು ಕೊಲ್ಲಬೇಕಾದ ಕೋಶವನ್ನೇ ಮನೆ ಮಾಡಿಕೊಳ್ಳುತ್ತದೆ. ಮನುಷ್ಯನ ಎದೆಯೊಳಗೆ ಇಣುಕಿ ಇದನ್ನು ದಿನದಿನವೂ ನೋಡಲಾಗದು. ಕಬಳಿಸುವ ಕೋಶವಿದ್ದು, ಬೇಗ ಹುಟ್ಟಿ ಬೇಗ ಸಾಯುವ, ಒಂದೊಂದೇ ಜೀನನ್ನು ತೆಗೆದು ಪರೀಕ್ಷಿಸಲು ಬರುವ ಜೀವಿ ಬೇಕಿತ್ತು.

ಅಂಥ ಜೀವಿ ಕಳಿತ ಬಾಳೆಹಣ್ಣಿನ ಮೇಲೆಯೇ ಇತ್ತು: ಹಣ್ಣಿನ ನೊಣ. ಮಾವು ಬೆಳೆಯುವ ಶ್ರೀನಿವಾಸಪುರ, ಮುಳಬಾಗಿಲು ತಾಲ್ಲೂಕಿನವರಿಗೆ ಒಂದು ಸ್ಪಷ್ಟನೆ ಬೇಕಾದೀತು. ಬಾದಾಮಿ, ತೋತಾಪುರಿಯ ಸಿಪ್ಪೆ ಚುಚ್ಚಿ ಮೊಟ್ಟೆಯಿಟ್ಟು ಫಸಲು ಕೆಡಿಸುವ, ತೋಟದಲ್ಲಿ ಮೋಹಕ ಬಲೆ ಕಟ್ಟಿ ಹಿಡಿಯುವ ನೊಣ ಇದಲ್ಲ. ಅದು ಬ್ಯಾಕ್ಟ್ರೋಸೆರ ಕುಲದ್ದು. ಇದು ಡ್ರೊಸೊಫಿಲ, ಎರಡು-ಮೂರು ಮಿಲಿಮೀಟರಿನ ಕೆಂಗಣ್ಣಿನ ನೊಣ. ಮಂಡಿಯಲ್ಲಿ ಹುಳಿ ಹಿಡಿದ ಹಣ್ಣಿನ ರಾಶಿಯ ಮೇಲೆ ಹಾರಾಡುತ್ತದೆ, ಗಟ್ಟಿ ಹಣ್ಣಿಗೆ ಅದರಿಂದ ಕೇಡಿಲ್ಲ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ 1910ರಲ್ಲಿ ಬಿಳಿಗಣ್ಣಿನ ನೊಣವೊಂದನ್ನು ಕಂಡು ಅನುವಂಶೀಯತೆಯ ಶಾಸ್ತ್ರವನ್ನು ಕಟ್ಟಿದರು. ನಮ್ಮಲ್ಲೂ ಆ ನೊಣಕ್ಕೆ ಹಳೆಯ ಬಿಡಾರವಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ಆರ್. ರಾಜಶೇಖರ ಶೆಟ್ಟಿಯವರು ಹುಟ್ಟುಹಾಕಿದ ಡ್ರೊಸೊಫಿಲ ಅಧ್ಯಯನವನ್ನು ಎನ್.ಬಿ. ಕೃಷ್ಣಮೂರ್ತಿಯವರು ಬೆಳೆಸಿದರು, ಎಚ್.ಎ. ರಂಗನಾಥ್ ಮತ್ತು ಸಂಗಡಿಗರು ಎರಡು ಬಗೆಯ ನಸೂಟ ನೊಣಗಳನ್ನು ತಲೆಮಾರುಗಟ್ಟಲೆ ಬೆರೆಸಿ ಪ್ರಯೋಗಾಲಯದಲ್ಲೇ ಹೊಸ ತಳಿಗಳನ್ನು ಬೆಳೆಸಿದರು. ಮಾನಸಗಂಗೋತ್ರಿಯ ಡ್ರೊಸೊಫಿಲ ಸಂಗ್ರಹ ಕೇಂದ್ರದ ಬಾಟಲಿಗಳಲ್ಲಿ ನೊಣಕ್ಕೆ ಹಾಕುವ ಆಹಾರ ರವೆ, ಬೆಲ್ಲ, ಅಗರ್, ಬೂಸು ಹಿಡಿಯದಂತೆ ಒಂದಿಷ್ಟು ಪ್ರೊಪಿಯಾನಿಕ್ ಆಮ್ಲ, ಮೇಲೆ ಯೀಸ್ಟ್. ಬೆಂಗಳೂರಿಗೆ ಒಬೈದ್ ಸಿದ್ದಿಕಿಯವರು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಲು ಬಂದಾಗ ಅವರ ಜೊತೆ ನೊಣವೂ ಬಂತು. ಜಿಕೆವಿಕೆ ಆವರಣದ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್‌ನಲ್ಲಿ ಟೀನಾ ಮುಖರ್ಜಿ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡಗಳು ನೊಣದ ರಕ್ತಕೋಶಗಳು ಹುಟ್ಟುವ ಬಗೆಯನ್ನು ಬಿಡಿಸಿ ನೋಡಿವೆ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇರುವುದೂ ಈ ಕಡೆಗೆ ಹೋಗುವ ಬಳ್ಳಾರಿ ರಸ್ತೆಯಲ್ಲೇ. 1960ರ ಸೆಪ್ಟೆಂಬರ್‌ನಲ್ಲಿ ನೆಹರೂ ಅದನ್ನು ಉದ್ಘಾಟಿಸಿದ್ದರು.

ನೊಣದಿಂದ ರೋಗನಿರೋಧಕ ಶಕ್ತಿಯ ಪಾಠ ಕಲಿಯಬಹುದೆಂದು ಲೋಕ ಒಪ್ಪಿದ್ದು 1996ರಲ್ಲಿ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಬ್ರೂನೋ ಲಮೈತ್ರ್, ಜೂಲ್ಸ್ ಹಾಫ್‌ಮನ್ ಮತ್ತು ಸಂಗಡಿಗರು ಟೋಲ್ ಎಂಬ ಜೀನ್ ಕೆಟ್ಟ ನೊಣಗಳಿಗೆ ಬೂಸು ತಗುಲಿಸಿದರು. ನೊಣಗಳು ತಡೆಯಲಾಗದೆ ಸತ್ತವು. ಸತ್ತ ಮೈಮೇಲೆ ಬೂಸಿನ ಎಳೆಗಳು ಬೆಳೆದು ನಿಂತ ಚಿತ್ರ ಜಗತ್ಪ್ರಸಿದ್ಧವಾಯಿತು. ಮರುವರ್ಷವೇ ಅಮೆರಿಕದ ಮೆಡ್ಜಿಟೋವ್ ಮತ್ತು ಜೇನ್‌ವೇ ಮನುಷ್ಯರಲ್ಲೂ ಟೋಲ್‌ನ ಸೋದರ ಜೀನ್ ಇರುವುದನ್ನು ತೋರಿಸಿದರು. 2011ರಲ್ಲಿ ಹಾಫ್‌ಮನ್ ನೊಬೆಲ್ ಪಡೆದವರಲ್ಲಿ ಒಬ್ಬರಾದರು. ರೋಗಾಣುವನ್ನು ಕಂಡಕೂಡಲೇ ಏಳುವ ಮೊದಲ ಕಾವಲು ನೊಣದಲ್ಲೂ ನಮ್ಮಲ್ಲೂ ಒಂದೇ ಪುರಾತನ ಮನೆತನದ್ದು.

ಕ್ಷಯಾಣುವನ್ನೇ ನೊಣಕ್ಕೆ ಚುಚ್ಚುವುದು ಸುಲಭವಲ್ಲ. ಅದಕ್ಕೆ ಮನುಷ್ಯನ ಮೈಬಿಸಿ, ಅಂದರೆ 37 ಡಿಗ್ರಿ ಬೇಕು. ನೊಣ ಚೆನ್ನಾಗಿರುವುದು 25ರ ಆಸುಪಾಸಿನಲ್ಲಿ. ಪ್ರಯೋಗಾಲಯದ ಸಿಬ್ಬಂದಿಗೆ ಸೋಂಕಿನ ಭಯವೂ ಇದೆ. ಇಲ್ಲಿ ಕೈಹಿಡಿದದ್ದು ನೀರಿನಲ್ಲಿರುವ ದಾಯಾದಿ. 1926ರಲ್ಲಿ ಫಿಲಡೆಲ್ಫಿಯದ ಅಕ್ವೇರಿಯಂನಲ್ಲಿ ಸತ್ತ ಮೀನುಗಳಿಂದ ಜೋಸೆಫ್ ಆರನ್‌ಸನ್ ಪ್ರತ್ಯೇಕಿಸಿದ ಮೈಕೊಬ್ಯಾಕ್ಟೀರಿಯಂ ಮರೀನಂ ಕ್ಷಯಾಣುವಿಗೆ ಬಹಳ ಹತ್ತಿರದ್ದು, ತಂಪಿನಲ್ಲಿ ಬೆಳೆಯುತ್ತದೆ. ಮದನಪಲ್ಲಿಯಲ್ಲಿ ಟ್ಯೂಬರ್ಕುಲಿನ್ ಲೆಕ್ಕವನ್ನು ತೊಡಕಾಗಿಸಿದ ಕುಟುಂಬದಿಂದಲೇ ಪ್ರಯೋಗಾಲಯಕ್ಕೆ ಬೇಕಾದ ರೋಗಾಣು ದೊರೆಯಿತೆಂಬುದು ಈ ಚರಿತ್ರೆಯಲ್ಲಿ ನನಗೆ ಬಲು ಸೋಜಿಗದ ತಿರುವು.

2003ರಲ್ಲಿ ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಡಿಯೋನ್, ನಫೀಸಾ ಘೋರಿ ಮತ್ತು ಡೇವಿಡ್ ಶ್ನೈಡರ್ ಮರೀನಂ ರೋಗಾಣುವನ್ನು ನೊಣಕ್ಕೆ ಚುಚ್ಚಿದ ಪ್ರಯೋಗವನ್ನು ಪ್ರಕಟಿಸಿದರು. ಇಂಥ ಪ್ರಯೋಗದ ವಿಧಾನ ನೋಡಲು ಸರಳ. ಇಂಗಾಲದ ಡೈಆಕ್ಸೈಡ್ ಹಾಯಿಸಿ ನೊಣವನ್ನು ಮಲಗಿಸುತ್ತಾರೆ, ಕೂದಲಿನಷ್ಟು ತೆಳುವಾಗಿ ಎಳೆದ ಗಾಜಿನ ಸೂಜಿಯಿಂದ ರೋಗಾಣು ಚುಚ್ಚುತ್ತಾರೆ, ಆಮೇಲೆ ದಿನವೂ ಬಾಟಲಿಯಲ್ಲಿ ಸತ್ತವನ್ನು ಎಣಿಸುತ್ತಾರೆ. ಎಣಿಕೆಯ ಈ ತಾಳ್ಮೆ ಆ 119 ಹಳ್ಳಿಗಳ ತಾಳ್ಮೆಯದೇ ಜಾತಿ. ರೋಗಾಣು ನೊಣದ ಕಬಳಿಸುವ ಕೋಶದೊಳಗೇ ಬೆಳೆಯಿತು. ನುಂಗಿದ ಚೀಲ ಆಮ್ಲವಾಗದಂತೆ ತಡೆಯಿತು. ಮನುಷ್ಯನ ಎದೆಯಲ್ಲಿ ಕ್ಷಯಾಣು ಹೂಡುವ ಹಂಚಿಕೆಯೇ ಅದು. 2005ರಲ್ಲಿ ಜೆನಿಫರ್ ಫಿಲಿಪ್ಸ್, ಎರಿಕ್ ರೂಬಿನ್, ನಾರ್ಬರ್ಟ್ ಪೆರಿಮಾನ್ ನೊಣದ ಕೋಶಗಳಲ್ಲಿ ಜೀನುಗಳನ್ನು ಒಂದೊಂದಾಗಿ ಅಡಗಿಸುತ್ತ ಹೋಗಿ, ಇಂಥ ರೋಗಾಣು ಕೋಶದೊಳಗೆ ಹೋಗಲು ಬೇಕಾದ ಒಂದು ಬಾಗಿಲನ್ನು ಗುರುತಿಸಿದರು. ಆ ಬಾಗಿಲಿನ ಕುಟುಂಬ ಮನುಷ್ಯರಲ್ಲೂ ಇದೆ.

2006ರ ಕೆಲಸ ನನ್ನನ್ನು ಹೆಚ್ಚು ತಟ್ಟಿತು. ಸೋಂಕು ತಗುಲಿದ ನೊಣಗಳು ಒಣಗಿ ಸಣ್ಣಗಾಗುತ್ತಿದ್ದವು. ಮೈಯ ಕೊಬ್ಬು ಕರಗುತ್ತಿತ್ತು, ಕೂಡಿಟ್ಟ ಗ್ಲೈಕೋಜನ್ ಖಾಲಿಯಾಗುತ್ತಿತ್ತು, ರಕ್ತದಲ್ಲಿ ಸಕ್ಕರೆ ಏರುತ್ತಿತ್ತು. ಎಲುಬಿಗೆ ಚರ್ಮ ಅಂಟಿದ ರೋಗಿಯನ್ನು ಮನೆಯಲ್ಲಿ ಕಂಡವರಿಗೆ ಈ ವರ್ಣನೆ ಹೊಸದಲ್ಲ. ಡಿಯೋನ್ ಮತ್ತು ಸಂಗಡಿಗರು ಹುಡುಕಿದಾಗ ತಿಳಿದದ್ದು ಇಷ್ಟು: ಕೊಬ್ಬನ್ನು ರೋಗಾಣುವಷ್ಟೇ ತಿಂದು ಮುಗಿಸುತ್ತಿರಲಿಲ್ಲ, ಇನ್ಸುಲಿನ್‌ನ ಸಂದೇಶ ಸಾಗುವ ದಾರಿಯೇ ಮೈಯೊಳಗೆ ಕೆಡುತ್ತಿತ್ತು. ಆ ದಾರಿಯ ಫಾಕ್ಸೊ ಎಂಬ ಜೀನ್ ಇಲ್ಲದ ನೊಣಗಳು ನಿಧಾನವಾಗಿ ಸೊರಗಿ, ಹೆಚ್ಚು ದಿನ ಬದುಕಿದವು. 2017ರಲ್ಲಿ ಡಿಯೋನ್ ಅವರ ಲಂಡನ್ನಿನ ತಂಡ ಇನ್ನೊಂದು ಹೆಜ್ಜೆ ಹೋಗಿ, ಸೋಂಕು ತಗುಲಿದ ಕಬಳಿಸುವ ಕೋಶದೊಳಗೆ ಕೊಬ್ಬಿನ ಹನಿಗಳು ಶೇಖರವಾಗುವುದನ್ನೂ ಅದರಿಂದ ರೋಗಾಣುವಿಗೆ ಅನುಕೂಲವಾಗುವುದನ್ನೂ ತೋರಿಸಿತು. ಮೈಯಲ್ಲಿ ಕೊಬ್ಬು ಇರಬೇಕು, ಕಾವಲು ಕೋಶದಲ್ಲಿ ತುಂಬಬಾರದು. ಸೋಂಕಿನ ಎದುರು ನಿಲ್ಲುವುದೆಂದರೆ ರೋಗಾಣುವನ್ನು ಕೊಲ್ಲುವುದು ಮಾತ್ರವಲ್ಲ, ಇರುವ ಇಂಧನವನ್ನು ಸರಿಯಾಗಿ ನಿಭಾಯಿಸುವುದೂ ಹೌದು.

ನೊಣಕ್ಕೆ ಶ್ವಾಸಕೋಶವಿಲ್ಲ, ನಮ್ಮ ಹಾಗೆ ಪ್ರತಿಕಾಯಗಳಿಲ್ಲ, ಟಿ-ಕೋಶಗಳಿಲ್ಲ. ಕ್ಷಯಾಣು ಮನುಷ್ಯನಲ್ಲಿ ದಶಕಗಟ್ಟಲೆ ಸುಮ್ಮನಿರಬಲ್ಲದು, ನೊಣದ ಆಯುಸ್ಸೇ ಎರಡು-ಮೂರು ತಿಂಗಳು. ಲಸಿಕೆ ಕಲಿಸುವ ನೆನಪಿನ ಪಾಠವನ್ನು ಅದರಲ್ಲಿ ಓದಲು ಬರುವುದಿಲ್ಲ. ಅದಕ್ಕೆ ಲಲಿತಾ ರಾಮಕೃಷ್ಣನ್ ಅವರಂಥವರು ಅದೇ ಮರೀನಂ ರೋಗಾಣುವನ್ನು ಜೀಬ್ರಾ ಮೀನಿಗೆ ಚುಚ್ಚಿ, ಕ್ಷಯದ ಗಂಟು ಕಟ್ಟುವುದನ್ನು ಜೀವಂತವಾಗಿ ನೋಡಿದರು. ನೊಣದಲ್ಲಿ ಸಿಕ್ಕಿದ್ದನ್ನು ಮೀನಿನಲ್ಲಿ, ಇಲಿಯಲ್ಲಿ, ಕೊನೆಗೆ ಮನುಷ್ಯರಲ್ಲಿ ಒರೆಗೆ ಹಚ್ಚಲೇಬೇಕು.

ಮನುಷ್ಯರಲ್ಲಿ ಊಟದ ಪ್ರಶ್ನೆಯನ್ನು ಒರೆಗೆ ಹಚ್ಚಿದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು. ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ಕ್ಷಯರೋಗಿಗಳ ಮನೆಯ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಯವರಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ, ಸೂಕ್ಷ್ಮ ಪೋಷಕಾಂಶಗಳ ಮಾತ್ರೆ ಕೊಟ್ಟರು. 2023ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್‌ನಲ್ಲಿ ಫಲಿತಾಂಶ ಬಂತು. ಆಹಾರ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರ ಪ್ರಮಾಣ ಶೇ 39ರಷ್ಟು ಕಡಿಮೆ. ಪ್ರಯೋಗಾಲಯದಲ್ಲಿ ಖಚಿತವಾದ ಶ್ವಾಸಕೋಶದ ಕ್ಷಯ ಶೇ 48ರಷ್ಟು ಕಡಿಮೆ. ನೊಣದ ಬಾಟಲಿಯಿಂದ ಇದು ನೇರವಾಗಿ ಹುಟ್ಟಿದ್ದಲ್ಲ. ಆದರೂ ಅಕ್ಕಿ-ಬೇಳೆ ಹೇಗೆ ರೋಗ ತಡೆಯಿತು ಎಂದು ಕೇಳುವವರಿಗೆ ಆ ಬಾಟಲಿಯಲ್ಲಿ ಒಂದು ಸುಳಿವಿದೆ.

ಸರ್ಕಾರ ಕ್ಷಯರೋಗಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡಲು ಶುರುಮಾಡಿದ್ದು 2018ರಲ್ಲಿ. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ. ರೋಗಾಣು ಸೋಕಿದ ನೂರು ಜನರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ಐದರಿಂದ ಹತ್ತು ಮಂದಿ. ಆ ಐದು-ಹತ್ತು ಮಂದಿ ಯಾರೆಂದು ಮೊದಲೇ ಖಚಿತವಾಗಿ ಹೇಳುವ ಪರೀಕ್ಷೆ ಇನ್ನೂ ಬಂದಿಲ್ಲ. ಹಾಗಾಗಿ ಮಾಲೂರಿನ ಗೂಡಿನ ಕಾರ್ಮಿಕನಿಗೋ ಮುಳಬಾಗಿಲಿನ ರೈತನಿಗೋ ಕ್ಷಯ ಪತ್ತೆಯಾದರೆ ಹೆಂಡತಿ, ಮಕ್ಕಳು, ಅಪ್ಪ-ಅಮ್ಮ ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು; ರೋಗವಿಲ್ಲವೆಂದು ಖಾತ್ರಿಯಾದವರು ವೈದ್ಯರು ಹೇಳಿದಷ್ಟು ತಿಂಗಳು ತಡೆ ಮಾತ್ರೆಯನ್ನು ತಪ್ಪದೆ ನುಂಗಬೇಕು. ಆ ಮಾತ್ರೆಗಳಲ್ಲಿ ಮುಖ್ಯವಾದದ್ದು 1952ರ ಅದೇ ಐಸೋನಿಯಾಜಿಡ್. ಈಗ ಅದು ತಾಲ್ಲೂಕು ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ಸಿಗುತ್ತದೆ.